ಹೂಳಬೇಕಾದ ಒಂಬತ್ತು ಹಾಳೆಗಳು

ಮೂವತ್ತಾರು ಕಾಗದಗಳಿಗೆ ನಾನು ಸಹಿ ಹಾಕಿದ್ದು ಒಂದು ಶುಕ್ರವಾರ ಮಧ್ಯಾಹ್ನ, ಓಕ್‌ಲ್ಯಾಂಡಿನ ಹಳೆಯ ಗೋದಾಮೊಂದರ ಮಹಡಿಯಲ್ಲಿ. ಪ್ರತಿ ಕಾಗದದಲ್ಲೂ ಅವೇ ನಾಲ್ಕು ಸಾಲು: ಈ ಚಿತ್ರದ ಪ್ರತಿಗಳು ಮೂವತ್ತಾರು ಮಾತ್ರ, ಅಚ್ಚು ಹಾಕುವಾಗ ಕೆಟ್ಟ ಹಾಳೆಗಳು ಒಂಬತ್ತು, ಆ ಒಂಬತ್ತನ್ನೂ ಹೂಳಲಾಗಿದೆ, ಅಚ್ಚು ತೆಗೆದ ತಾಮ್ರದ ತಗಡನ್ನು ಗೀಚಿ ಕೆಡಿಸಲಾಗಿದೆ. ಕೆಳಗೆ ಎರಡು ಗೆರೆ. ಒಂದು ಕಲಾವಿದೆಯ ಸಹಿಗೆ, ಇನ್ನೊಂದು ಸಾಕ್ಷಿಯ ಸಹಿಗೆ. ಸಾಕ್ಷಿ ನಾನು.

"ಹೂಳಲಾಗಿದೆ ಅಂತ ಬರೆದಿದೀರ. ಇನ್ನೂ ಹೂಳೇ ಇಲ್ವಲ್ಲ?" ಎಂದೆ.

"ಭಾನುವಾರ ಹೂಳ್ತೀವಿ. ಹೂಳಿ ಬಂದ್ಮೇಲೆ ನಾನು ಸೈನ್ ಮಾಡ್ತೀನಿ. ನೀನು ಎಣಿಸಿದೀಯ, ನೀನು ಈಗ್ಲೇ ಮಾಡು" ಎಂದರು ಕಲಾವಿದೆ. ನಾವು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ; ಬರೆಯುವಾಗ ನಮ್ಮ ಮನೆಯ ಮಾತಿಗೆ ತಂದುಕೊಂಡಿದ್ದೇನೆ.

"ನಿಮ್ಮ ಪ್ರಾರ್ಥನಾ ಸಭೆಯಲ್ಲಿ ಅಷ್ಟು ಜನ ಹಿರಿಯರಿದಾರೆ. ನಾನೇ ಯಾಕೆ?"

"ನೀನು ಯಾವುದನ್ನೂ ನಂಬಲ್ಲ. ನಂಬೋರು ಎಣಿಸೋವಾಗ ಮಧ್ಯ ಕಣ್ಣು ಮುಚ್ಕೊಂಡ್ಬಿಡ್ತಾರೆ."

ಎಂಬತ್ತು ದಾಟಿದ ಯಹೂದಿ ಹೆಂಗಸು, ಕೈಗಳಲ್ಲಿ ಸಂಧಿವಾತ. ಅಚ್ಚಿನ ಯಂತ್ರದ ದೊಡ್ಡ ಚಕ್ರ ತಿರುಗಿಸಲು ಇನ್ನು ಆಗುವುದಿಲ್ಲವೆಂದು ಇದನ್ನೇ ಕೊನೆಯ ಚಿತ್ರವೆಂದು ಸಾರಿದ್ದರು. ಐವತ್ತು ವರ್ಷದಲ್ಲಿ ಅವರು 'ಇಷ್ಟೇ ಪ್ರತಿ' ಎಂದು ಹೇಳಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಈ ಕೊನೆಯ ಸಲವೂ ಆಗಬಾರದು ಎಂಬುದೊಂದೇ ಅವರಿಗೆ ಉಳಿದಿದ್ದ ಹಟ.

ಸೀಮಿತ ಪ್ರತಿಗಳ ಚಿತ್ರಕ್ಕೆ ಬೆಲೆ ಬರುವುದೇ ಆ ಸೀಮೆಯಿಂದ. ಮೂವತ್ತಾರು ಎಂದರೆ ಮೂವತ್ತಾರೇ ಇರಬೇಕು. ಶಾಯಿ ತೆಳುವಾದ, ಮಡಿಕೆ ಬಿದ್ದ ಹಾಳೆಗಳನ್ನು ಎಲ್ಲ ಕಲಾವಿದರೂ ಅಲ್ಲಿಯೇ ಹರಿದುಹಾಕುತ್ತಾರೆ. ಬಿಟ್ಟರೆ ಯಾವತ್ತೋ ಒಂದು ದಿನ ಮೂವತ್ತೇಳನೆಯದಾಗಿ ಎಲ್ಲೋ ಗೋಡೆ ಹತ್ತುತ್ತದೆ. ಆದರೆ ಈ ಚಿತ್ರದ ಮೇಲ್ಭಾಗದಲ್ಲಿ, ಮೋಡದ ಜಾಗದಲ್ಲಿ, ಹೀಬ್ರೂ ಲಿಪಿಯ ನಾಲ್ಕು ಅಕ್ಷರಗಳಿದ್ದವು. ಅದು ದೇವರ ಹೆಸರು. ಆ ಹೆಸರಿರುವ ಕಾಗದವನ್ನು ಯಹೂದಿಗಳಲ್ಲಿ ಹರಿಯುವಂತಿಲ್ಲ, ಸುಡುವಂತಿಲ್ಲ, ಕಸಕ್ಕೆ ಹಾಕುವಂತಿಲ್ಲ. ಸತ್ತವರನ್ನು ಹೂಳುವ ಹಾಗೆ ಸ್ಮಶಾನದ ಮಣ್ಣಿಗೆ ಕೊಡಬೇಕು. ತಗಡನ್ನು ಗೀಚುವಾಗಲೂ ಅವರು ಅಕ್ಷರಗಳನ್ನು ಬಿಟ್ಟು ಕೆಳಗಿನ ಅರ್ಧವನ್ನಷ್ಟೇ ಗೀಚಿದ್ದರು. ಹರಿಯಲೇಬೇಕು ಎನ್ನುವ ಕಸುಬು, ಹರಿಯಕೂಡದು ಎನ್ನುವ ಧರ್ಮ. ನಡುವೆ ಒಂಬತ್ತು ಹಾಳೆ, ಒಂದು ರಟ್ಟಿನ ಪೆಟ್ಟಿಗೆ. ಭಾನುವಾರದವರೆಗೆ ಅದನ್ನು ಇಟ್ಟುಕೊಂಡು ಸ್ಮಶಾನಕ್ಕೆ ತರುವ ಕೆಲಸವೂ ಸಾಕ್ಷಿಯದೇ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಹೈಸ್ಕೂಲಿನಿಂದ ಡಿಬೇಟಿನಲ್ಲಿ ಬೆಳೆದವಳು. ನಾಣ್ಯ ಚಿಮ್ಮಿ ಯಾವ ಪಕ್ಷ ಬಂದರೆ ಆ ಪಕ್ಷ ವಾದಿಸುವುದು ಅಲ್ಲಿನ ಪದ್ಧತಿ. ಬೆಳಿಗ್ಗೆ ಒಂದು ಮಾತಿಗೆ ಪ್ರಾಣ ಕೊಡುವವಳ ಹಾಗೆ ಮಾತಾಡಿ, ಊಟವಾದ ಮೇಲೆ ಅದೇ ಮಾತನ್ನು ಚಿಂದಿ ಮಾಡಬೇಕು. ಹತ್ತು ವರ್ಷ ಹಾಗೆ ಮಾಡಿದವರಿಗೆ ಯಾವುದರ ಮೇಲೂ ಪೂರ್ತಿ ನಂಬಿಕೆ ಉಳಿಯುವುದಿಲ್ಲ. ಈಗ ಮೆನ್ಲೋ ಪಾರ್ಕಿನ ಆಫೀಸೊಂದರಲ್ಲಿ ಕೂತು ಒಪ್ಪಂದಗಳಲ್ಲಿ ತಪ್ಪು ಹುಡುಕುತ್ತೇನೆ, ಅದಕ್ಕೆ ಸಂಬಳವೂ ಬರುತ್ತದೆ. ಅಂಥವಳು ಯಹೂದಿ ಚಿತ್ರಗಳನ್ನು ಕೊಳ್ಳಲು ಶುರುಮಾಡಿದ್ದಕ್ಕೆ ಕಾರಣ, ಇದೇ ಕಲಾವಿದೆಯ ಒಂದು ಪುಟ್ಟ ಚಿತ್ರ: ಮೇಜಿನ ಎರಡು ಕಡೆ ಇಬ್ಬರು ಮುದುಕರು, ನಡುವೆ ತೆರೆದ ಪುಸ್ತಕ, ಇಬ್ಬರ ಬೆರಳೂ ಒಂದೇ ಸಾಲಿನ ಮೇಲೆ, ಇಬ್ಬರ ಬಾಯೂ ತೆರೆದಿದೆ. ಯಾರು ಗೆದ್ದರೆಂದು ತಿಳಿಯುವುದಿಲ್ಲ. ವಾದ ಮಾಡುವುದನ್ನೇ ಪೂಜೆಯ ಹಾಗೆ ಮಾಡುವ ಜನ ಇದ್ದಾರೆಂದು ಅವತ್ತು ಅನ್ನಿಸಿತು. ಅಲ್ಲಿಂದ ನಾಲ್ಕು ವರ್ಷದಲ್ಲಿ ಆರು ಚಿತ್ರ, ಎಲ್ಲವೂ ಅವರವೇ.

"ಮನೇಲಿರೋ ದೇವ್ರಿಗೆ ಕೈ ಮುಗಿಯಲ್ಲ, ಆ ಮುದುಕ್ರನ್ನ ಮಾತ್ರ ಗೋಡೆ ತುಂಬ ಹಾಕ್ಕೊಂಡಿದಾಳೆ" ಎನ್ನುತ್ತಿದ್ದಳು ಅಮ್ಮ, ಬಂದವರ ಮುಂದೆಲ್ಲ.

ಏಳನೆಯದು ನನಗೆ ಸಿಗಲಿಲ್ಲ. ಹೊಳೆಯ ದಡದಲ್ಲಿ ಬೆಳಗಾಗುವವರೆಗೂ ದೇವದೂತನ ಜೊತೆ ಕುಸ್ತಿ ಹಿಡಿದು ಬಿಡದ ಒಬ್ಬ ಮನುಷ್ಯನ ಚಿತ್ರ ಅದು. ವಸಂತದಲ್ಲೇ ನನ್ನನ್ನು ಕೇಳಿದ್ದರು, ಬೇಕಾ ಎಂದು. ನೋಡದೆ ಯಾವುದಕ್ಕೂ ಹೂಂ ಅನ್ನುವವಳಲ್ಲ ನಾನು. ಮೊದಲು ಅಚ್ಚಾಗಲಿ ಅಂದೆ. ಅಚ್ಚಾಗುವಷ್ಟರಲ್ಲಿ ಮೂವತ್ತಾರೂ ಬೇರೆಯವರ ಹೆಸರಿಗೆ ಹೋಗಿದ್ದವು. ನೋಡಿದ ಮೇಲೆ, ಇದುವರೆಗೆ ಕೊಂಡ ಆರನ್ನೂ ಕೊಟ್ಟು ಇದೊಂದನ್ನು ತೆಗೆದುಕೊಳ್ಳಬಹುದಿತ್ತು ಅನ್ನಿಸಿತು.

ಕೆಟ್ಟ ಒಂಬತ್ತರಲ್ಲಿ ಎಂಟು ನಿಜವಾಗಿಯೂ ಕೆಟ್ಟಿದ್ದವು. ಒಂಬತ್ತನೆಯದರಲ್ಲಿ ಇದ್ದ ದೋಷ ಇಷ್ಟು: ಕೆಳಗಿನ ಅಂಚಿನಲ್ಲಿ ಸಾಸಿವೆಯಷ್ಟು ಶಾಯಿಯ ಕಲೆ. ಎಣಿಸುವಾಗಲೇ ನೋಡಿದ್ದೆ.

ಪೆಟ್ಟಿಗೆಯನ್ನು ಪ್ಲೆಸೆಂಟನ್ ಊರಿನ ನಮ್ಮ ಮನೆಗೆ ತಂದೆ. ಸಂಜೆ ಊಟಕ್ಕೆ ಕೂತಾಗ ಅಮ್ಮನಿಗೆ ವಿಷಯ ಹೇಳಿದೆ. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಪೆಥಾಲಜಿಸ್ಟ್. ನಾನು ಎಂಟು ವರ್ಷದವಳಿದ್ದಾಗ ಮೈಸೂರಿನಿಂದ ನನ್ನನ್ನು ಕರೆದುಕೊಂಡು ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು ಪಾಸಾದವಳು.

"ನಿರ್ಮಾಲ್ಯ ಇದ್ದ ಹಾಗೆ. ತುಳಿಯೋ ಜಾಗಕ್ಕೆ ಹಾಕ್ಬಾರ್ದು" ಎಂದಳು. ಇಪ್ಪತ್ತು ವರ್ಷದ ದೇವರ ಕ್ಯಾಲೆಂಡರುಗಳನ್ನು ರೀಸೈಕ್ಲಿಂಗಿಗೆ ಹಾಕಲಾರದೆ ಗರಾಜಿನಲ್ಲಿ ಪೇರಿಸಿಟ್ಟಿರುವ ಮನೆ ನಮ್ಮದು. ಇದನ್ನು ಅವಳಿಗೆ ವಿವರಿಸಬೇಕಾಗಿಯೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಮ್ಮ ದೇವಸ್ಥಾನಕ್ಕೆ ಹೋದಳು. ನಾನು ಪೆಟ್ಟಿಗೆಯ ಮುಂದೆ ಕೂತೆ. ವಿಷಯ: ಮಣ್ಣಿಗೆ ಹಾಕುವ ಚಿತ್ರವನ್ನು ಮನೆಯಲ್ಲಿ ಇಟ್ಟುಕೊಂಡರೆ ತಪ್ಪೇನು? ಪರ: ಮಾರುವುದಿಲ್ಲ, ತೋರಿಸುವುದಿಲ್ಲ, ಆದ್ದರಿಂದ ಕೊಂಡವರಿಗೆ ನಷ್ಟವಿಲ್ಲ. ದೇವರ ಹೆಸರಿಗೆ ಅವಮಾನವಾಗಬಾರದು ಎನ್ನುವುದೇ ನಿಯಮದ ಉದ್ದೇಶವಾದರೆ, ಗೆದ್ದಲು ತಿನ್ನುವುದಕ್ಕಿಂತ ಗಾಜಿನ ಹಿಂದೆ ಇರುವುದೇ ಮೇಲು. ವಿರೋಧ: ನೀನು ಸಹಿ ಹಾಕಿದ್ದೀಯ. ಅದಕ್ಕೆ ಪರದವರ ಉತ್ತರ: ಸಹಿ ಹಾಕಿದಾಗ ಒಂಬತ್ತು ಇದ್ದವು, ನಾನು ಎಣಿಸಿದ್ದು ಸುಳ್ಳಲ್ಲ. ಪರದವರು ಗೆದ್ದರು. ಪರ, ವಿರೋಧ, ತೀರ್ಪುಗಾರರು ಮೂವರೂ ನಾನೇ ಆಗಿದ್ದೆ ಎಂಬುದು ಆ ಹೊತ್ತಿಗೆ ಅಡ್ಡ ಬರಲಿಲ್ಲ.

ದಾರ ಬಿಚ್ಚಿದೆ. ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ನನ್ನ ಹಾಸಿಗೆಯ ಕೆಳಗೆ ಸೇರಿಸಿದೆ. ಉಳಿದ ಎಂಟನ್ನು ಅವರು ಕೊಟ್ಟಿದ್ದ ಬಿಳಿ ಬಟ್ಟೆಯಲ್ಲಿ ಮೊದಲಿನಂತೆಯೇ ಸುತ್ತಿ ದಾರ ಕಟ್ಟಿದೆ. ಸ್ಮಶಾನದಲ್ಲಿ ಬಟ್ಟೆ ಬಿಚ್ಚುವುದಿಲ್ಲ, ಸುತ್ತಿದ್ದು ಸುತ್ತಿದ ಹಾಗೇ ಇಳಿಯುತ್ತದೆ ಎಂದು ಅವರೇ ಹೇಳಿದ್ದರು. ಎಣಿಸುವವರು ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನ ಗ್ರೋಸರಿಗೆ ಹೋಗಿ ಬಂದೆ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಹೊರಡುವಾಗ ದೇವರ ಕಪಾಟಿನ ಬಾಗಿಲು ತೆರೆದಿತ್ತು. ಲಕ್ಷ್ಮಿಯ ಫೋಟೋಗೂ ಗಂಟೆಗೂ ಹಿಂದೆ, ಗೋಡೆಗೆ ಒರಗಿಸಿ, ನನ್ನ ಹಾಳೆ. ಕೆಳಗಿನ ಅಂಚಿನಲ್ಲಿ, ಆ ಸಾಸಿವೆಯಷ್ಟು ಕಲೆಯ ಪಕ್ಕದಲ್ಲಿ, ಒದ್ದೆ ಕುಂಕುಮದ ಒಂದು ಬೊಟ್ಟು. ಹತ್ತಿಯ ಕಾಗದ ಅದನ್ನು ಚೆನ್ನಾಗಿ ಕುಡಿದಿತ್ತು.

"ಇದೇನಮ್ಮ ಮಾಡಿದೀಯ?"

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ನಿನ್ನೆ ಬೆಡ್‌ಶೀಟ್ ತೆಗೆಯೋಕ್ ಹೋದೆ. ದೇವ್ರ ಹೆಸ್ರನ್ನ ಹಾಸ್ಗೆ ಕೆಳಗಿಟ್ಕೊಂಡು ಅದ್ರ ಮೇಲೆ ಕಾಲ್ ಚಾಚ್ಕೊಂಡು ಮಲಗ್ತೀಯಲ್ಲೇ. ಅಲ್ಲೇ ಬಿಟ್ಬಿಡಕ್ ಆಗತ್ತಾ?"

"ಕುಂಕುಮ ಯಾಕ್ ಇಟ್ಟೆ?"

"ದೇವ್ರ ಮನೆಗೆ ಬಂದಿದ್ದಕ್ಕೆ ಕುಂಕುಮ ಇಡ್ದೆ ಇನ್ನೇನ್ ಇಡ್ತಾರೆ? ಅಕ್ಷರಕ್ ತಾಗ್ಸಿಲ್ಲ ನೋಡು. ಅಂಚಲ್ಲಿ ಇಟ್ಟಿದೀನಿ."

"ಅವ್ರು ನಂಗೆ ಕೊಟ್ರು ಅದನ್ನ" ಎಂದೆ.

"ಕೊಟ್ಟಿದ್ದನ್ನ ಯಾರೂ ಹಾಸ್ಗೆ ಕೆಳಗೆ ಇಡಲ್ಲ."

ಅವಳು ಲ್ಯಾಬಿನವರನ್ನು ಕೇಳುವ ದನಿಯಲ್ಲಿ, ಏರಿಳಿತವಿಲ್ಲದೆ ಕೇಳಿದಳು. "ಎಷ್ಟು ಅಂತ ಸೈನ್ ಮಾಡಿದೀಯ?"

"ಒಂಬತ್ತು."

"ಬಾಕ್ಸಲ್ಲಿ ಎಷ್ಟಿದೆ?"

"ಎಂಟು."

"ನಮ್ಮಲ್ಲಿ ಒಂದು ಸ್ಲೈಡ್ ಕಮ್ಮಿ ಬಂದ್ರೆ ಇಡೀ ಕೇಸ್ ನಿಲ್ಸ್ತೀವಿ ಗೊತ್ತಾ? ಯಾರದೋ ಎದೆಯಿಂದ ತೆಗ್ದಿರೋ ಚೂರು ಅದು. ಎಲ್ಲೋಯ್ತು ಅಂದ್ರೆ 'ಅದು ಇಲ್ದೇನೂ ರಿಪೋರ್ಟ್ ಬರೀಬೋದು' ಅಂತ ವಾದ ಮಾಡ್ತೀವಾ?"

"ಇದು ಸ್ಲೈಡ್ ಅಲ್ಲಮ್ಮ, ಕಾಗದ."

"ಹಾಗಿದ್ರೆ ಕದ್ದಿದ್ದು ಯಾಕೆ?"

ಇದಕ್ಕೆ ನನ್ನ ಬಳಿ ಇದ್ದಿದ್ದು ಇನ್ನೊಂದು ವಾದ, ಅದೂ ಗಟ್ಟಿಯಾದ ವಾದ. ಕುಂಕುಮ ಬಿದ್ದ ಮೇಲೆ ಇದನ್ನು ವಾಪಸು ಒಯ್ಯುವಂತೆಯೇ ಇಲ್ಲ. ಮೂರ್ತಿಯ ಮುಂದೆ ಇಟ್ಟದ್ದು, ಪೂಜೆ ಮಾಡಿದ್ದು ಅವರಿಗೆ ಎಷ್ಟು ವರ್ಜ್ಯವೆಂದು ನಾನು ಓದಿಕೊಂಡಿದ್ದೆ. ಅವರ ದೇವರ ಹೆಸರನ್ನು ಲಕ್ಷ್ಮಿಯ ಪಕ್ಕ ನಿಲ್ಲಿಸಿ ಕುಂಕುಮ ಹಚ್ಚಿ ತಂದಿದ್ದೇವೆ ಎಂದರೆ ಆ ಎಂಬತ್ತು ವರ್ಷದ ಜೀವಕ್ಕೆ ಎಷ್ಟು ನೋವಾಗಬಹುದು? ಹೇಳದಿರುವುದೇ ದಯೆ. ಇದನ್ನೆಲ್ಲ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಅಮ್ಮನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಅಂಥ ಅರ್ಥ ಅವಳಿಗೆ ಹೊಳೆದಿರಲಿಲ್ಲ.

ಗೆದ್ದೆ ಅಂದುಕೊಂಡೆ.

ಅವಳು ಒಳಗೆ ಹೋಗಿ ಸೀರೆ ಉಟ್ಟು, ಸ್ನೀಕರ್ಸ್ ಹಾಕಿಕೊಂಡು ಬಂದಳು. "ನಾನಿಟ್ಟ ಕುಂಕುಮ, ನಾನೇ ಹೇಳ್ತೀನಿ. ನೀನು ತೆಗೆದಿದ್ದು, ನೀನು ಹೇಳು. ಅವ್ರಿಗೆ ನೋವಾಗತ್ತೋ ಇಲ್ವೋ ಅವ್ರು ತೀರ್ಮಾನ ಮಾಡ್ಲಿ. ನಡಿ."

ಸ್ಮಶಾನವಿದ್ದದ್ದು ಕೊಲ್ಮಾದಲ್ಲಿ, ಕೊಲ್ಲಿಯ ಆಚೆ ದಡದಲ್ಲಿ. ಹನ್ನೊಂದಕ್ಕೆ ಇಳಿಸುವುದು ಎಂದಿದ್ದರು. ಫ್ರೀವೇಯಲ್ಲಿ ಎಲ್ಲೋ ಅಪಘಾತ, ಹೇವರ್ಡಿನವರೆಗೂ ಕಾರುಗಳ ಸಾಲು. ಅಮ್ಮ ಹಾಳೆಯನ್ನು ರಟ್ಟುಗಳ ಸಮೇತ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಸೇತುವೆಯ ಮೇಲೆ ಬಂದಾಗ ಹತ್ತೂವರೆ ದಾಟಿತ್ತು. ತಡವಾಗಿ ಹೋದರೆ ಗುಂಡಿ ಮುಚ್ಚಿರುತ್ತದೆ ಎಂದು ಒಂದು ಯೋಚನೆ ಬಂತು. ಪೆಟ್ಟಿಗೆಯೇ ನಮ್ಮ ಕಾರಿನಲ್ಲಿರುವಾಗ ಮುಚ್ಚುವುದೇನನ್ನು ಎಂದೂ ಹೊಳೆಯಿತು. ಆದರೂ ನನ್ನ ಕಾಲು ಆಕ್ಸಲರೇಟರಿನ ಮೇಲೆ ಹಗುರಾಯಿತು.

"ಯಾಕೆ ನಿಧಾನ ಮಾಡ್ತಿದೀಯ?" ಎಂದಳು ಅಮ್ಮ, ಮುಂದಿನ ರಸ್ತೆಯನ್ನೇ ನೋಡುತ್ತ.

ಗುಂಡಿಯ ಸುತ್ತ ಏಳೆಂಟು ಜನ ನಿಂತಿದ್ದರು. ಬಳಸಿ ಹಳತಾದ ಪ್ರಾರ್ಥನೆ ಪುಸ್ತಕಗಳ ಚೀಲಗಳು ಆಗಲೇ ಕೆಳಗೆ ಇಳಿದಿದ್ದವು. ಕಲಾವಿದೆ ಮಡಿಚುವ ಕುರ್ಚಿಯಲ್ಲಿ ಕೂತಿದ್ದರು, ಊರುಗೋಲು ಮಣ್ಣಿನಲ್ಲಿ ಊರಿಕೊಂಡು. ಪಕ್ಕದಲ್ಲಿ ಅವರ ಸಭೆಯ ಗುರು, ರಬ್ಬಿ, ಇನ್ನೂ ಮೂವತ್ತರ ಆಸುಪಾಸಿನ ಯುವಕ.

"ಬಂದ್ಯಾ. ಕೊಡು" ಎಂದು ಕಲಾವಿದೆ ಕೈ ಚಾಚಿದರು.

ಆ ಕ್ಷಣದಲ್ಲೂ ಪೆಟ್ಟಿಗೆ ಕೊಟ್ಟು ಸುಮ್ಮನಿರಬಹುದಿತ್ತು. ಅಮ್ಮ ನನಗಿಂತ ಮೊದಲು ಬಾಯಿ ಬಿಡುತ್ತಿರಲಿಲ್ಲ, ನನಗೇ ಬಿಟ್ಟಿದ್ದಳು. ಅದೇ ಕಷ್ಟವಾಗಿತ್ತು.

"ಇದರಲ್ಲಿ ಎಂಟಿದೆ. ಒಂಬತ್ತನೇದನ್ನ ನಾನು ತೆಗೆದಿಟ್ಕೊಂಡಿದ್ದೆ" ಎಂದೆ. ಇನ್ನೂ ಏನೇನೋ ಸೇರಿಸಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದಿದ್ದು ಅಷ್ಟೇ.

ಕಲಾವಿದೆ ನನ್ನನ್ನು ನೋಡಲಿಲ್ಲ. ಅಮ್ಮನ ಕೈಯಲ್ಲಿದ್ದ ರಟ್ಟುಗಳನ್ನು ನೋಡಿದರು. ಅಮ್ಮ ಬಗ್ಗಿ ಮೇಲಿನ ರಟ್ಟು ಸರಿಸಿದಳು.

"ಈ ಕೆಂಪು?" ಎಂದು ಕೇಳಿದವನು ರಬ್ಬಿ.

"ನಾನಿಟ್ಟೆ" ಎಂದಳು ಅಮ್ಮ. "ಇವಳು ಇದನ್ನ ಇಡಬಾರದ ಜಾಗದಲ್ಲಿ ಇಟ್ಟಿದ್ದಳು. ನಮ್ಮ ದೇವರ ಕಪಾಟಿನಲ್ಲಿ ಎತ್ತಿಟ್ಟೆ. ಗೌರವಕ್ಕೆ ನಾವು ಇದನ್ನ ಹಚ್ಚುತ್ತೇವೆ. ನಿಮ್ಮಲ್ಲಿ ತಪ್ಪು ಅಂತ ಇವತ್ತು ಗೊತ್ತಾಯಿತು."

"ಪೂಜೆ ಮಾಡಿದಿರಾ?"

"ಕೈ ಮುಗಿದೆ. ದೇವರ ಹೆಸರು ಅಂದರೆ ಇನ್ನೇನು ಮಾಡಲಿ?"

ಹಿಂದೆ ನಿಂತಿದ್ದ ಇಬ್ಬರು ಮುದುಕರಲ್ಲಿ ಒಬ್ಬರು, ಇದನ್ನು ಈ ಗುಂಡಿಗೆ ಇಳಿಸುವಂತಿಲ್ಲ, ಪೂಜೆಗೆ ಬಳಸಿದ್ದು ಬೇರೆಯೇ ಲೆಕ್ಕ ಎಂದರು. ಇನ್ನೊಬ್ಬರು, ಚಿತ್ರಕ್ಕೆ ತಾನೇ ಪೂಜೆಯಾಗಲು ಇಷ್ಟವಿತ್ತೇ, ಅದರ ತಪ್ಪೇನು ಎಂದರು. ಮೊದಲಿನವರು ಯಾವುದೋ ಹಳೆಯ ಗುರುವಿನ ಮಾತು ತೆಗೆದರು, ಎರಡನೆಯವರು ಅದಕ್ಕಿಂತ ಹಳೆಯವರದ್ದು. ನನ್ನ ಗೋಡೆಯ ಮೇಲಿನ ಮುದುಕರು ಎದ್ದು ಬಂದ ಹಾಗಿತ್ತು. ಬೇರೆ ದಿನವಾಗಿದ್ದರೆ ಇದಕ್ಕಾಗಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಿದ್ದೆ. ಅವತ್ತು ಅಮ್ಮ ಹಾಳೆಯನ್ನು ಹಿಡಿದು ಬಗ್ಗಿಯೇ ನಿಂತಿದ್ದಳು, ಮತ್ತು ವಾದ ಮುಗಿಯಲೆಂದು ನಾನು ಜೀವನದಲ್ಲಿ ಮೊದಲ ಸಲ ಬಯಸಿದೆ.

ಕಲಾವಿದೆ ಊರುಗೋಲಿನಿಂದ ನೆಲಕ್ಕೆ ಒಮ್ಮೆ ಕುಟ್ಟಿದರು. "ಹೆಸರು ಅಳಿಸಿಹೋಗಿದೆಯಾ?"

"ಇಲ್ಲ" ಎಂದ ರಬ್ಬಿ.

"ಹರಿಯಬಹುದಾ?"

"ಇಲ್ಲ."

"ಈಕೆ ವಾಪಸು ತೆಗೆದುಕೊಂಡು ಹೋಗಬಹುದಾ?"

"ಅದಂತೂ ಬೇಡ."

"ಹಾಗಾದರೆ ಇದು ಮತ್ತೆಲ್ಲಿಗೆ ಹೋಗಬೇಕು? ಆಕಾಶಕ್ಕಾ?"

ರಬ್ಬಿ ಇಬ್ಬರು ಮುದುಕರನ್ನೂ ನೋಡಿದ. ಮೊದಲನೆಯವರು, ಬೇರೆ ಬಟ್ಟೆಯಲ್ಲಿ ಸುತ್ತಿ, ಬೇರೆ ಮೂಲೆಗೆ ಎಂದರು. ಬೇರೆ ಬಟ್ಟೆ ಯಾರ ಬಳಿಯೂ ಇರಲಿಲ್ಲ. ಎರಡನೆಯವರು ಜೇಬಿನಿಂದ ಮಡಿಕೆ ಬಿಚ್ಚದ ದೊಡ್ಡ ಕರ್ಚೀಫು ತೆಗೆದುಕೊಟ್ಟರು. ಹಾಳೆಗೆ ಅದು ಸಾಲಲಿಲ್ಲ. ಕೊನೆಗೆ ಅಕ್ಷರಗಳಿದ್ದ ಭಾಗವಾದರೂ ಮುಚ್ಚುವಂತೆ ಮೇಲೆ ಹೊದಿಸಿದರು.

ಅದಕ್ಕೂ ಮೊದಲು ಅಮ್ಮ ಒಂದು ಮಾತು ಕೇಳಿದಳು: ಪೆಟ್ಟಿಗೆಯನ್ನು ಬಿಚ್ಚಬಹುದೇ? ಯಾಕೆಂದು ಯಾರೂ ಕೇಳಲಿಲ್ಲ. ಬಟ್ಟೆ ಬಿಚ್ಚಿ, ಒಂದೊಂದೇ ಹಾಳೆಯ ಮೂಲೆ ಎತ್ತಿ, ತುಟಿ ಅಲ್ಲಾಡಿಸುತ್ತ ಎಣಿಸಿದಳು. ಎರಡನೇ ಸಲ ಹಿಂದಿನಿಂದ ಮುಂದಕ್ಕೆ ಎಣಿಸಿದಳು. "ಎಂಟು, ಇದೊಂದು, ಒಂಬತ್ತು" ಎಂದಳು. ಆಮೇಲೆ ಮಣ್ಣು ಹಾಕಿದರು. ನನ್ನ ಕೈಗೂ ಸಲಿಕೆ ಬಂತು, ಹಾಕಿದೆ. ಆ ಕುಸ್ತಿಯವನನ್ನು ಮತ್ತೊಮ್ಮೆ ನೋಡಬೇಕೆಂಬ ಆಸೆ ಆಗಲೂ ಹೋಗಿರಲಿಲ್ಲ. ಹೋಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ.

ಅಲ್ಲಿಂದ ಕಲಾವಿದೆಯನ್ನು ಓಕ್‌ಲ್ಯಾಂಡಿನ ಅವರ ಸ್ಟುಡಿಯೋಗೆ ಬಿಡುವ ಕೆಲಸ ನಮ್ಮ ಮೇಲೆ ಬಿತ್ತು. ಕರೆತಂದವರಿಗೆ ಬೇರೆ ಕಡೆ ಹೋಗಬೇಕಿತ್ತು. ಕಾರಿನಲ್ಲಿ ಅವರು ಅಮ್ಮನ ಜೊತೆ ಸಂಧಿವಾತದ ಮಾತ್ರೆಗಳ ಬಗ್ಗೆ ಮಾತಾಡಿದರು. ನನ್ನ ಜೊತೆ ಮಾತಾಡಿದ್ದು ಮಹಡಿ ಹತ್ತಿದ ಮೇಲೆ.

ಮೇಜಿನ ಮೇಲೆ ನಾನು ಶುಕ್ರವಾರ ಸಹಿ ಹಾಕಿದ ಮೂವತ್ತಾರು ಕಾಗದಗಳು ಇದ್ದ ಹಾಗೇ ಇದ್ದವು. ಕೆಳಗಿನ ಒಂದು ಗೆರೆ ಖಾಲಿ. ಅವರು ಪೆನ್ನು ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು.

"ಈಗ ಒಂಬತ್ತೂ ಮಣ್ಣಿನಲ್ಲಿದೆ. ಇದರಲ್ಲಿ ಬರೆದಿರೋದೆಲ್ಲ ಈಗ ನಿಜ" ಎಂದೆ. ಬಾಯಿ ತಾನಾಗಿಯೇ ಆಡಿತು, ಅಭ್ಯಾಸ.

"ಬರೆದಿರೋದು ನಿಜ" ಎಂದರು ಅವರು. "ಸಾಕ್ಷಿ ನಿಜ ಅಲ್ಲ."

ಕಿಟಕಿಯ ಹೊರಗೆ ಬಂದರಿನ ಕ್ರೇನುಗಳು ನಿಂತಿದ್ದವು. ಅಮ್ಮ ಅತ್ತ ತಿರುಗಿಕೊಂಡು ಅವನ್ನೇ ನೋಡುತ್ತಿದ್ದಳು.

"ಇನ್ಮೇಲೆ ನಾನು ಅಚ್ಚು ಹಾಕಲ್ಲ" ಎಂದರು ಕಲಾವಿದೆ. "ಒಳ್ಳೇದೇ ಆಯ್ತು. ನಿನಗೆ ಮತ್ತೆ ಮಾರಬೇಕಾ ಬೇಡವಾ ಅಂತ ನಾನು ಯೋಚನೆ ಮಾಡೋದು ತಪ್ಪಿತು." ಆಮೇಲೆ ಕಾಗದಗಳ ಕಟ್ಟನ್ನು ನನ್ನ ಕಡೆ ತಳ್ಳಿದರು. "ಇದರಲ್ಲಿ ದೇವರ ಹೆಸರಿಲ್ಲ. ನಿನ್ನದಷ್ಟೇ ಇರೋದು. ಇದನ್ನ ಹರಿಯಬಹುದು."

ಹೊಸದಾಗಿ ಮೂವತ್ತಾರು ಕಾಗದಗಳನ್ನು ಪ್ರಿಂಟರಿನಿಂದ ತೆಗೆದು ಅಮ್ಮನ ಮುಂದಿಟ್ಟರು. ಅಮ್ಮ ಕನ್ನಡಕ ಹಾಕಿಕೊಂಡು ನಾಲ್ಕು ಸಾಲನ್ನೂ ಓದಿದಳು. "ಮೂವತ್ತಾರು ಪ್ರತಿಗಳನ್ನ, ತಗಡು ಗೀಚಿದ್ದನ್ನ ನಾನು ನೋಡಿಲ್ಲ" ಎಂದಳು. ಕಲಾವಿದೆ ಎರಡನ್ನೂ ತಂದು ತೋರಿಸಿದರು. ಅಮ್ಮ ಪ್ರತಿಗಳನ್ನು ಎಣಿಸಿದಳು, ತಗಡಿನ ಗೀಚಿದ ಜಾಗದಲ್ಲಿ ಬೆರಳಾಡಿಸಿ ನೋಡಿದಳು, ಸೀರೆಯ ಸೆರಗಿಗೆ ಬೆರಳು ಒರೆಸಿಕೊಂಡಳು, ಆಮೇಲೆ ಸಹಿ ಹಾಕಲು ಶುರುಮಾಡಿದಳು. ಪ್ರತಿ ಸಹಿಯ ಪಕ್ಕ ಲ್ಯಾಬಿನ ಅಭ್ಯಾಸದಂತೆ ಸಮಯವನ್ನೂ ಬರೆದಳು. ಅವಳು ಹಾಕಿದ ಒಂದೊಂದರ ಕೆಳಗೂ ಕಲಾವಿದೆ ತಮ್ಮದನ್ನು ಹಾಕುತ್ತಾ ಹೋದರು, ಸೊಟ್ಟಗಾದ ಬೆರಳುಗಳಿಂದ, ನಿಧಾನವಾಗಿ.

ನಾನು ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಹರಿದೆ. ಮೊದಲ ಕೆಲವನ್ನು ಎರಡು ಭಾಗ ಮಾಡಿ ಬುಟ್ಟಿಗೆ ಹಾಕಿದೆ. ಕಲಾವಿದೆ ತಲೆ ಎತ್ತದೆಯೇ ಹೇಳಿದರು: "ಇನ್ನೂ ಸಣ್ಣಗೆ. ಓದೋಕೆ ಆಗಬಾರದು."

ಬುಟ್ಟಿಯಿಂದ ಅವನ್ನು ತೆಗೆದು ಮತ್ತೆ ಮೊದಲಿನಿಂದ ಶುರುಮಾಡಿದೆ.